ತಿರುಗಿ ಹೇಳಿ ನೋಡೋಣ

ನಮ್ಮಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂದರೆ ಮೊದಲು ಕಾಯಿಲೆ ಬೀಳಬೇಕು, ಅದೂ ಬೇರೆಯವರ ಮನೆಯಲ್ಲಿ ಹುಟ್ಟಿ ಕಾಯಿಲೆ ಬೀಳಬೇಕು. ಔಷಧಿ ಅಂಗಡಿಯ ಕೌಂಟರಿನ ಆಚೆ ಬದಿಗೆ ಯಾರೇ ಬಂದು ನಿಲ್ಲಲಿ, ಅವರಿಗೆ "ಬನ್ನಿ ತಾಯಿ", "ಕೂತ್ಕೊಳ್ಳಿ ಯಜಮಾನ್ರೇ" ಎಂಬ ಉಪಚಾರ. ಈಚೆ ಬದಿಗೆ ನಿಂತಿರುವ ನನಗೆ "ಏ ಕತ್ತೆ". ನಾನೂ ಅದೇ ಓದು ಓದಿ, ಪರೀಕ್ಷೆ ಪಾಸು ಮಾಡಿ, ಫಾರ್ಮಸಿಸ್ಟ್ ಅನ್ನಿಸಿಕೊಂಡು, ಅದೇ ಅಂಗಡಿಯಲ್ಲಿ ಬಿಳಿ ಕೋಟು ತೊಟ್ಟು ನಿಂತ ಮೇಲೂ ನನ್ನ ಪದವಿ ಬದಲಾಗಲಿಲ್ಲ. ಬಿಳಿ ಕೋಟಿನ ಕತ್ತೆ ಆದೆ, ಅಷ್ಟೇ.

ಅಂಗಡಿ ದೊಡ್ಡದೇನಲ್ಲ. ಬಸ್ ಸ್ಟಾಪಿನ ಎದುರಿಗೆ, ಅಗಲ ಕಡಿಮೆ, ಉದ್ದ ಜಾಸ್ತಿ. ಎರಡೂ ಗೋಡೆಗೆ ಗಾಜಿನ ಕಪಾಟು, ಹಿಂಬದಿಯಲ್ಲಿ ಒಬ್ಬರು ಮರೆಯಾಗುವಷ್ಟು ಜಾಗ ಬಿಟ್ಟು ಅಡ್ಡಕ್ಕೆ ಇನ್ನೊಂದು, ಮೂಲೆಯಲ್ಲಿ ಇಡೀ ದಿನ ಗೊಣಗುವ ಒಂದು ಫ್ರಿಜ್, ಬಾಗಿಲ ಹತ್ತಿರ ಗಲ್ಲಾಪೆಟ್ಟಿಗೆ ಮತ್ತು ಅದರ ಹಿಂದೆ ಚಿಕ್ಕಪ್ಪ. ಚಿಕ್ಕಪ್ಪನಿಗೆ ಔಷಧಿಯ ತಲೆಬುಡ ಗೊತ್ತಿಲ್ಲ, ಯಾವ ಡಬ್ಬಿ ಯಾವ ಸಾಲಿನಲ್ಲಿದೆ ಎಂಬುದು ಮಾತ್ರ ಬಾಯಿಪಾಠ. ಗಿರಾಕಿಗಳ ಬದಿಗೆ ಒಂದು ದುಂಡನೆಯ ಸ್ಟೂಲು. ನಮ್ಮ ಅಂಗಡಿಯ ವಿಶೇಷವೆಂದರೆ ಈ ಸ್ಟೂಲೇ. ಬೇರೆ ಕಡೆ ಚೀಟಿ ತೋರಿಸಿದರೆ ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೈಗೆ ತುರುಕಿ ಕಳಿಸುತ್ತಾರೆ. ಅಪ್ಪ ಹಾಗಲ್ಲ. ಕೂರಿಸುತ್ತಾರೆ, ಪ್ರತಿಯೊಂದನ್ನೂ ಎತ್ತಿ ತೋರಿಸುತ್ತಾರೆ, ಯಾವುದು ಯಾತಕ್ಕೆ, ಊಟಕ್ಕೆ ಮೊದಲಾ ಆಮೇಲಾ, ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ, ಎಲ್ಲ ಹೇಳುತ್ತಾರೆ. ಆಮೇಲೆ "ಅರ್ಥ ಆಯ್ತಾ?" ಎಂದು ಮಾತ್ರ ಅಪ್ಪಿತಪ್ಪಿಯೂ ಕೇಳುವುದಿಲ್ಲ.

"ಅರ್ಥ ಆಯ್ತಾ ಅಂದ್ರೆ ಎಲ್ರೂ ಆಯ್ತು ಅಂತಾನೇ ತಲೆ ಆಡಿಸ್ತಾರೆ ಕಣೇ ಕತ್ತೆ," ಎಂದು ನನ್ನ ಮೊದಲ ದಿನವೇ ಹೇಳಿದ್ದರು. "ಮನೆಗೆ ಹೋಗಿ ಹೇಗೆ ತಗೋತೀರಾ, ತಿರುಗಿ ಹೇಳಿ ನೋಡೋಣ ಅನ್ನು. ಆವಾಗ ಬಣ್ಣ ಬಯಲಾಗುತ್ತೆ."

ಬಯಲಾಗುತ್ತಿತ್ತು ಕೂಡ. ಉಸಿರಿನ ಜೊತೆ ಒಳಗೆಳೆಯಬೇಕಾದ ಪುಡಿಯ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದ ಅಜ್ಜಿ ಸಿಕ್ಕಿದ್ದು ಹಾಗೆ. ಚರ್ಮಕ್ಕೆ ಅಂಟಿಸಬೇಕಾದ ನೋವಿನ ಪಟ್ಟಿಯನ್ನು ಅಂಗಿಯ ಮೇಲೆ ಅಂಟಿಸಿಕೊಂಡು ಇನ್ನೂ ನೋಯ್ತಿದೆ ಎಂದು ಜಗಳಕ್ಕೆ ಬಂದ ಲಾರಿ ಡ್ರೈವರ್ ಸಿಕ್ಕಿದ್ದೂ ಹಾಗೇ. ಅಪ್ಪ ನಗಲಿಲ್ಲ. "ನನ್ನ ತಪ್ಪು ಯಜಮಾನ್ರೇ, ಅಂಗಿ ಬಿಚ್ಚಿ ಅಂತ ಹೇಳ್ಬೇಕಿತ್ತು," ಎಂದರು. ನಾನು ಕಪಾಟಿನ ಹಿಂದೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬಂದಿದ್ದಕ್ಕೆ ಬೈಗುಳ ತಿಂದೆ. ಊರವರು ಅಪ್ಪನಿಗೆ ಮಾತ್ರೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಬೇರೆ ಡಾಕ್ಟರ ಚೀಟಿ ಹಿಡಿದುಕೊಂಡು, ಎರಡು ಬಸ್ ಬದಲಾಯಿಸಿ, ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಳ್ಳಲು ಬರುವವರಿದ್ದರು.

ಇಂಥ ಅಪ್ಪ ಒಂದು ಮಧ್ಯಾಹ್ನ ಮೇಲಿನ ಕಪಾಟಿನ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಾ, "ಏ, ಆ ಬೆಕ್ಕನ್ನ ಓಡ್ಸೇ. ಡಬ್ಬಿ ಬೀಳಿಸುತ್ತೆ," ಎಂದರು.

ನೋಡಿದೆ. ಗ್ಲೂಕೋಸ್ ಡಬ್ಬಿಗಳಿದ್ದವು. ಬೆಕ್ಕಿರಲಿಲ್ಲ.

"ಯಾವ ಬೆಕ್ಕು?"

"ನಿನ್ನ ಕಣ್ಣಿಗೇನು ಬಂತು? ಬೂದು ಬೆಕ್ಕು. ಬಾಲ ನೇತಾಡಿಸ್ಕೊಂಡು ಕೂತಿಲ್ವಾ?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳೋಣವೆಂದರೆ ನಾನು ಹುಟ್ಟಿದಾಗಿನಿಂದ ಅಪ್ಪ ತಮಾಷೆ ಮಾಡಿದ್ದನ್ನು ಕಂಡಿಲ್ಲ. ಏನು ಮಾಡುವುದೋ ತೋಚದೆ ಕೈ ಬೀಸಿ "ಶ್, ಶ್" ಎಂದೆ. "ಹೋಯ್ತು," ಎಂದು ತೃಪ್ತಿಯಿಂದ ತಲೆಯಾಡಿಸಿದರು. ಇಲ್ಲದ ಬೆಕ್ಕನ್ನು ಓಡಿಸಿದ ನಾನು ಅಲ್ಲೇ ಮಂಕಾಗಿ ನಿಂತೆ. ತಲೆ ಕೆಟ್ಟಿರುವುದು ಅಪ್ಪನದಾ ನನ್ನದಾ ಎಂದು ನಿಜಕ್ಕೂ ಅನುಮಾನವಾಯಿತು.

ಅಲ್ಲಿಂದ ಮುಂದೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ಬಾಯಿ ಒಣಗುತ್ತದೆ ಎಂದು ಗಳಿಗೆಗೊಮ್ಮೆ ನೀರು. ಬಚ್ಚಲಿಗೆ ಹೋದರೆ ಹೊರಗೆ ಬರುವುದೇ ಇಲ್ಲ. ಬಾಗಿಲು ತಟ್ಟಿದರೆ "ಬರ್ತಿಲ್ಲ ಕಣೇ" ಎಂಬ ಕ್ಷೀಣ ಉತ್ತರ. ನಿಂತಲ್ಲೇ ತೂಕಡಿಕೆ. ಮನೆಯಲ್ಲಿ ಒಂದು ಸಂಜೆ ಅಮ್ಮನನ್ನು "ಅಕ್ಕಾ" ಎಂದು ಕರೆದು ಸ್ಕೂಲಿಗೆ ಹೊತ್ತಾಯ್ತಾ ಎಂದು ಕೇಳಿದರು. ಅಮ್ಮ ನಕ್ಕುಬಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಪೂರ್ತಿ ಕೆಟ್ಟಿದ್ದರೆ ಒಂದು ತೀರ್ಮಾನಕ್ಕಾದರೂ ಬರಬಹುದಿತ್ತು. ಅಪ್ಪ ಅದಕ್ಕೂ ಬಿಡಲಿಲ್ಲ. ಅಮ್ಮ ಕಾಯಿಸಲಿಟ್ಟ ಹಾಲು ಒಡೆದು, ಮಲಗುವಾಗ ಕುಡಿಯುವ ಹಾಲಿಲ್ಲ ಎಂದು ಅಪ್ಪ ರಂಪ ಮಾಡಿದ ಮರುದಿನ ನೋಡಬೇಕಿತ್ತು. ಬೆಳಿಗ್ಗೆ ಬಂದವರೇ ಫ್ರಿಜ್ಜಿನ ಇನ್ಸುಲಿನ್ ಎಲ್ಲ ಹೊರಗೆ ತೆಗೆಸಿ, ತಾರೀಕು ನೋಡಿ, ಹಿಂದಿನ ವಾರ ನಾನು ಮಾಡಿದ್ದ ಬಿಲ್ಲಿನ ತಪ್ಪು ಹಿಡಿದು, ಗಿರಾಕಿಗಳ ಎದುರಿಗೇ ನನ್ನ ಮಾನ ಕಳೆದರು. ನನಗೆ ಹೋದ ಜೀವ ಬಂದಂತಾಯಿತು. ನಾನೇ ಏನೇನೋ ಕಲ್ಪಿಸಿಕೊಂಡೆ, ವಯಸ್ಸಾದವರಿಗೆ ಒಂದು ಬೆಕ್ಕು ಹೆಚ್ಚುಕಮ್ಮಿ ಕಂಡರೇನಂತೆ ಎಂದು ಸಮಾಧಾನ ಹೇಳಿಕೊಂಡೆ. ಅದರ ಮರುದಿನ ಸಂಜೆ ಅದೇ ಅಪ್ಪ ಅಂಗಡಿಯ ಮಧ್ಯೆ ನಿಂತು, "ಈ ಕಟ್ಟಡದ ಬಾಗಿಲು ಎಲ್ಲಿದೆ?" ಎಂದು ಚಿಕ್ಕಪ್ಪನನ್ನು ಕೇಳಿದರು.

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಫ್ರಿಜ್ಜಿನ ಮುಖ ನೋಡಿದೆ.

ಇಷ್ಟಾದರೂ ಸುಮ್ಮನಿದ್ದುಬಿಡುತ್ತಿದ್ದೆವೇನೋ. ಆದರೆ ಆ ಹಸುಗೂಸಿನ ತಾಯಿ ಬಂದಳು. ಮಗುವಿನ ಕಣ್ಣು ಪಿಸುರುಗಟ್ಟಿ ಅಂಟಿಕೊಂಡಿತ್ತು. ಡಾಕ್ಟರು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟಿದ್ದರು. ಅಪ್ಪ ಕೂರಿಸಿ ಹೇಳಿಕೊಟ್ಟ ಚಂದ ಏನೆಂದು ಹೇಳಲಿ! ಮೊದಲು ಕೈ ತೊಳೀಬೇಕು ತಾಯಿ. ಕಣ್ಣಿನ ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು, ಅಲ್ಲಿ ಆಗೋ ಪುಟ್ಟ ಗುಳೀಲಿ ಒಂದೇ ಹನಿ. ಸೀಸೆಯ ಮೂತಿ ಕಣ್ಣಿಗೆ ತಾಗಬಾರದು. ಮಗು ಮಲಗಿದ್ದಾಗ ಹಾಕಿದ್ರೆ ನಿಮಗೂ ಸುಲಭ, ಅದಕ್ಕೂ ಸುಲಭ. ತಿರುಗಿ ಹೇಳಿ ನೋಡೋಣ. ಆ ಹುಡುಗಿ ಒಂದಕ್ಷರ ತಪ್ಪದೆ ಹೇಳಿದಳು. ಪಕ್ಕದಲ್ಲಿ ಬೇರೆಯವರ ಚೀಟಿ ನೋಡುತ್ತಿದ್ದ ನನಗೆ ಹೆಮ್ಮೆಯೇ ಆಯಿತು. ಅವಳು ಮೆಟ್ಟಿಲಿಳಿದು ಹೋದ ಮೇಲೆ ಕೌಂಟರಿನ ಮೇಲೆ ಖಾಲಿ ರಟ್ಟಿನ ಡಬ್ಬಿ ಬಿದ್ದಿತ್ತು. ಎಸೆಯೋಣವೆಂದು ಕೈಗೆತ್ತಿಕೊಂಡೆ.

ಡಬ್ಬಿಯ ಮೇಲೆ ಕಿವಿಯ ಚಿತ್ರವಿತ್ತು. ಪಾಠವೆಲ್ಲ ಸರಿ, ಸೀಸೆ ಮಾತ್ರ ತಪ್ಪು.

ನಾನು ಓಡಿದ್ದು ಹೇಗೆಂದು ನನಗೇ ತಿಳಿಯದು. ಅವಳು ಹತ್ತಿದ್ದ ಬಸ್ಸು ಹೊರಟಿತ್ತು. ಬಾಗಿಲ ಸರಳು ಹಿಡಿದುಕೊಂಡು "ನಿಲ್ಸಿ, ನಿಲ್ಸಿ" ಎಂದು ಬೊಬ್ಬೆ ಹಾಕಿದೆ. ಕಂಡಕ್ಟರ್ ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. "ಅದು ಹಳೇ ಸ್ಟಾಕು ಕಣಮ್ಮಾ, ಬದಲಾಯಿಸಿ ಕೊಡ್ತೀನಿ," ಎಂದು ಸುಳ್ಳು ಹೇಳಿ ಆ ಸೀಸೆಯನ್ನು ಅವಳ ಕೈಯಿಂದ ಹೆಚ್ಚೂಕಡಿಮೆ ಕಿತ್ತುಕೊಂಡೆ. ಪಾಪ, ಅವಳು ಇಳಿದು ಬಂದಳು. ಮುಂದಿನ ಬಸ್ಸಿಗೆ ಕಾಯುವಾಗಲೂ ಅಪ್ಪ ಹೇಳಿಕೊಟ್ಟದ್ದನ್ನು ತುಟಿಯಲ್ಲೇ ಪಾಠ ಮಾಡಿಕೊಳ್ಳುತ್ತಿದ್ದಳು.

"ಇವತ್ತು ಓಡಿ ಹಿಡ್ದೆ. ನಾಳೆ?" ಎಂದರು ಚಿಕ್ಕಪ್ಪ. ದನಿ ತಗ್ಗಿಸಿದ್ದರು. "ಒಂದು ಮಗುವಿನ ಕಣ್ಣು ಹೋದ್ರೆ ಯಾರು ತಂದುಕೊಡ್ತಾರೆ? ಅಣ್ಣನ್ನ ಮನೇಲಿ ಕೂರಿಸ್ಬೇಕು. ಹೇಳೋ ಧೈರ್ಯ ನನಗಿಲ್ಲ. ನೀನೇ ಹೇಳು. ಮುಂದಿನ ವಾರ ತಲೆ ಡಾಕ್ಟ್ರಿಗೆ ತೋರಿಸೋಣ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಇನ್ನೂ ಕೆಟ್ಟದ್ದು, ಸಿಕ್ಕಿದವರ ಮೇಲೆ ಹೋಗುತ್ತದೆ. ಚಿಕ್ಕಪ್ಪನ ಮೇಲೆ ಹರಿಹಾಯ್ದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೌಂಟರ್ ಬಿಡಿಸಿದರೆ ಅಪ್ಪನಿಗೆ ಉಳಿಯುವುದೇನು? ಮನೆಯಲ್ಲಿ ಅವರಿಗೆ ಹವ್ಯಾಸವಿಲ್ಲ, ಸ್ನೇಹಿತರಿಲ್ಲ, ಮಾತೂ ಇಲ್ಲ. ಅವರ ಮಾತೆಲ್ಲ ಆ ಸ್ಟೂಲಿನ ಮೇಲೆ ಕೂತವರಿಗೆ. ಅದನ್ನು ಕಿತ್ತುಕೊಂಡು "ಮನೇಲಿರಿ" ಎಂದರೆ ಅವರು ಬದುಕುವುದಿಲ್ಲ ಎಂದು ನನ್ನ ಕರುಳಿಗೆ ಗೊತ್ತಿತ್ತು. ಹೇಳದಿದ್ದರೆ ಯಾರದೋ ಮಗುವಿನ ಕಣ್ಣು. ಎರಡರ ನಡುವೆ ಸಿಕ್ಕಿ ಒದ್ದಾಡಿದೆ.

ಮರುದಿನ ಮಧ್ಯಾಹ್ನ ಷಟರ್ ಅರ್ಧ ಎಳೆದಿತ್ತು. ಚಿಕ್ಕಪ್ಪ ಊಟಕ್ಕೆ ಹೋಗಿದ್ದರು. ಅಪ್ಪ ಊಟ ಮುಗಿಸಿ ಕೌಂಟರಿಗೆ ಒರಗಿ ತೂಕಡಿಸುತ್ತಿದ್ದರು. ನಾನು ಕೋಟು ಬಿಚ್ಚಿಟ್ಟು, ಬಸ್ ಸ್ಟಾಪಿನ ಬೆಂಚಿನ ಮೇಲೆ ಹೋಗಿ ಕೂತು, ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದೆ. "ಅಪ್ಪಾ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ." ಬೇಡ. "ಅಪ್ಪಾ, ನಿಮಗೆ ಹುಷಾರಿಲ್ಲ." ಅದೂ ಬೇಡ. ಯಾವ ಮಾತೂ ಹೊಂದಲಿಲ್ಲ. ಸಾಯಲಿ ಎಂದು ಎದ್ದು ಬಂದು ಷಟರಿನ ಕೆಳಗೆ ಬಗ್ಗಿ ಒಳಗೆ ಹೊಕ್ಕೆ.

ಅಪ್ಪ ತಲೆಯೆತ್ತಿದರು. ಅವರ ಮುಖ ಅರಳಿತು.

"ಬನ್ನಿ ತಾಯಿ, ಕೂತ್ಕೊಳ್ಳಿ. ಬಿಸ್ಲಲ್ಲಿ ಬಂದಿದೀರಾ."

ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. "ಅಪ್ಪಾ, ನಾನು" ಎನ್ನಬೇಕಿತ್ತು. ಯಾಕೋ ಬಾಯಿಂದ ಹೊರಡಲಿಲ್ಲ. ಹೋಗಿ ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷದಲ್ಲಿ ನಾನು ಆ ಸ್ಟೂಲನ್ನು ಒರೆಸಿದ್ದೆ, ಎಳೆದಿದ್ದೆ, ಕೂತಿದ್ದು ಅದೇ ಮೊದಲು.

"ಔಷಧಿ ಯಾರಿಗೆ? ನಿಮಗಾ?"

"ನಮ್ಮಪ್ಪನಿಗೆ."

"ಏನಾಗಿದೆ ಅವರಿಗೆ?"

"ಗೊತ್ತಾಗ್ತಿಲ್ಲ," ಎಂದೆ. "ಇಲ್ಲದ ಬೆಕ್ಕು ಕಾಣಿಸುತ್ತೆ. ಬಾಗಿಲು ಎಲ್ಲಿದೆ ಅಂತಾರೆ. ಮನೆಯವರ ಗುರುತೇ ಸಿಗಲ್ಲ."

"ಅಯ್ಯೋ ಪಾಪ." ಮೊಳಕೈ ಊರಿ ನನ್ನ ಕಡೆ ಬಾಗಿದರು. "ಒಂದೇ ಸಮ ಹಾಗಿರ್ತಾರಾ, ಬಂದು ಹೋಗಿ ಮಾಡುತ್ತಾ?"

"ಬಂದು ಹೋಗಿ ಮಾಡುತ್ತೆ."

"ನೀರು ನೀರು ಅಂತಾರಾ? ಮೂತ್ರ ಸಲೀಸಾಗಿ ಹೋಗುತ್ತಾ?"

ನಾನು ದಂಗಾಗಿ ಅವರ ಮುಖವನ್ನೇ ನೋಡಿದೆ. ಎದುರಿಗಿದ್ದ ನೀರಿನ ಲೋಟವನ್ನು ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟರು. ಆ ಪ್ರಶ್ನೆಗೂ ಆ ಲೋಟಕ್ಕೂ ಏನಾದರೂ ನಂಟಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ.

"ಭಯ ಪಡ್ಬೇಡಿ ತಾಯಿ. ವಯಸ್ಸಾಯ್ತು, ತಲೆ ಹೋಯ್ತು ಅಂತ ಮೊದ್ಲೇ ತೀರ್ಮಾನ ಮಾಡ್ಬೇಡಿ. ಮನೇಲಿ ಯಾರ್ಯಾರು ಅವರಿಗೆ ಏನೇನು ಕೊಡ್ತಿದೀರಾ?"

"ಏನೂ ಕೊಡ್ತಿಲ್ಲ."

"ಎಲ್ರೂ ಹಾಗೇ ಅಂತಾರೆ," ಎಂದು ನಕ್ಕರು. ಅಪ್ಪ ನಕ್ಕರು! "ಮನೆಗೆ ಹೋಗಿ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕೇಳಿ. ಮಾತ್ರೆ, ಸಿರಪ್ಪು, ಮುಲಾಮು, ಏನಿದ್ಯೋ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ತನ್ನಿ, ನೋಡೋಣ. ಆದ್ರೆ ಬೈಬೇಡಿ. ಬೈದ್ರೆ ಬಚ್ಚಿಡ್ತಾರೆ. ಎಲ್ಲಿ, ತಿರುಗಿ ಹೇಳಿ."

ಈ ಚೀಲದ ಮಾತನ್ನು ಅವರು ಸಾವಿರ ಜನಕ್ಕೆ ಹೇಳಿದ್ದನ್ನು ನಾನು ಕೇಳಿದ್ದೆ. ನಮ್ಮ ಮನೆಗೂ ಅದು ಅನ್ವಯಿಸಬಹುದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

"ಒಬ್ಬೊಬ್ಬರನ್ನೇ ಕೂರಿಸಿ ಕೇಳ್ತೀನಿ. ಎಲ್ಲಾ ಚೀಲಕ್ಕೆ ಹಾಕ್ಕೊಂಡು ಬರ್ತೀನಿ. ಬೈಯಲ್ಲ."

"ಜಾಣೆ," ಎಂದರು ಅಪ್ಪ. "ನಿಮ್ಮಪ್ಪ ಪುಣ್ಯ ಮಾಡಿದ್ರು."

ಕಪಾಟಿನ ಹಿಂದೆ ಹೋಗಿ, ಬಿಚ್ಚಿಟ್ಟಿದ್ದ ಕೋಟನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ದುಃಖವೋ, ಹೊಟ್ಟೆಕಿಚ್ಚೋ, ಏನೆಂದು ಹೇಳಲಿ? ಜನ್ಮದಲ್ಲಿ ಒಂದು ಸಲ ಅಪ್ಪ ನನ್ನನ್ನು ಜಾಣೆ ಎಂದರು, ಅದೂ ನಾನು ಯಾರೆಂದು ತಿಳಿಯದೆ. ಆ ಮಾತನ್ನು ನನ್ನದೆಂದು ಇಟ್ಟುಕೊಳ್ಳುವುದೋ, ದಾರಿಹೋಕಳದೆಂದು ಬಿಟ್ಟುಬಿಡುವುದೋ ಅರ್ಥವಾಗಲಿಲ್ಲ.

ಸಂಜೆ ಬೇಗ ಮನೆಗೆ ಹೋಗಿ ಒಂದು ಬಟ್ಟೆಯ ಚೀಲ ಹಿಡಿದು ಅಡುಗೆಮನೆಯಲ್ಲಿ ನಿಂತೆ.

"ನಾನೇನು ಕೊಡ್ತೀನೇ ಅವರಿಗೆ? ಏನೂ ಇಲ್ಲ," ಎಂದಳು ಅಮ್ಮ. ಕಣ್ಣು ಮಾತ್ರ ಸಕ್ಕರೆ ಡಬ್ಬಿಯ ಕಡೆ ಹೋಗಿ ಬಂತು. ಕೂಗಬೇಕೆಂದು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ.

"ಅಮ್ಮಾ, ಕೂತ್ಕೋ. ನಾನು ಬೈಯಲ್ಲ."

ಅಮ್ಮ ಹೆದರಿದಳು. ನಮ್ಮ ಮನೆಯಲ್ಲಿ ಬೈಗುಳಕ್ಕೆ ಯಾರೂ ಹೆದರುವುದಿಲ್ಲ, ಬೈಯಲ್ಲ ಎಂದರೆ ಎಲ್ಲರಿಗೂ ಗಾಬರಿ. ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುಚುತ್ತಾ ಕೂತಿದ್ದು, ಎದ್ದು, ಸಕ್ಕರೆ ಡಬ್ಬಿಯ ಹಿಂದಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ನನ್ನ ಕೈಗಿಟ್ಟಳು.

ಆ ಮಾತ್ರೆ ನನಗೆ ಗೊತ್ತಿತ್ತು. ಅಪ್ಪನಿಗೆ ಮೈ ಕೆರೆತ ಶುರುವಾದಾಗ ಡಾಕ್ಟರು ಮಲಗುವಾಗ ಒಂದು ಎಂದು ಬರೆದಿದ್ದ ಮಾತ್ರೆ. ಕೆರೆತ ತಗ್ಗಿಸುತ್ತದೆ, ಜೊತೆಗೆ ಮಂಪರು. "ನಿದ್ದೆ ಬರೋ ಮಾತ್ರೆ ತಿಂದು ಕೌಂಟರ್ ಮೇಲೆ ತೂಕಡಿಸ್ಲಾ? ಸತ್ರೂ ತಗೊಳ್ಳಲ್ಲ," ಎಂದು ಅಪ್ಪ ಅದನ್ನು ಎಲ್ಲರೆದುರಿಗೆ ಎಸೆದಿದ್ದರು. ಎಸೆದರಲ್ಲ, ಮುಗಿಯಿತು ಎಂದು ನಾನು ಅದನ್ನು ಮರೆತೇಬಿಟ್ಟಿದ್ದೆ.

"ನಿದ್ದೇಲೂ ಕೆರ್ಕೊಂಡು ಬೆನ್ನೆಲ್ಲಾ ರಕ್ತ ಮಾಡ್ಕೋತಾರೆ ಕಣೇ. ನೋಡೋಕಾಗ್ಲಿಲ್ಲ. ಪುಡಿ ಮಾಡಿ ಹಾಲಿಗೆ ಹಾಕ್ತೀನಿ. ಕಹಿ ಗೊತ್ತಾಗಬಾರ್ದು ಅಂತ ಸಕ್ಕರೆ ಜಾಸ್ತಿ."

"ಒಂದೇ ತಾನೇ?"

"ಮೊದ್ಲು ಒಂದು. ಕಡಿಮೆ ಆಗ್ಲಿಲ್ಲ ಅಂತ ಎರಡು."

ಒಡೆದ ಹಾಲು ನೆನಪಾಯಿತು. ಹಾಲಿಲ್ಲದ ಮರುದಿನದ ಆ ಚುರುಕು, ಆ ಬೈಗುಳ. "ಯಾರು ತಂದುಕೊಡ್ತಾರೆ ನಿನಗೆ?"

"ನಿನ್ನ ಚಿಕ್ಕಪ್ಪ."

ಚಿಕ್ಕಪ್ಪ ಅಂಗಡಿಯಿಂದ ಅಪ್ಪನನ್ನು ಕರೆದುಕೊಂಡು ಬಂದವರು ಅಲ್ಲೇ ಬಾಗಿಲಲ್ಲಿ ನಿಂತಿದ್ದರು. "ಅತ್ತಿಗೆ ಕೇಳಿದ್ರು, ಅಣ್ಣ ತಗೊಳ್ಳೋಕೆ ಒಪ್ಪಿದ್ದಾನೆ ಅಂದ್ಕೊಂಡೆ," ಎಂದರು. ಚೀಲವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಕೆಮ್ಮಿನ ಸಿರಪ್ಪೂ ಲೆಕ್ಕಕ್ಕೆ ಬರುತ್ತಾ?" ಎಂದರು.

"ಯಾವ ಸಿರಪ್ಪು?"

"ಅಣ್ಣ ಒಣ ಕೆಮ್ಮು ಕೆಮ್ಮುತ್ತಿದ್ದ. ಮಧ್ಯಾಹ್ನ ಊಟ ಆದ್ಮೇಲೆ ಒಂದು ಮುಚ್ಚಳ ಕೊಡ್ತಿದ್ದೆ. ಗಲ್ಲಾದ ಕೆಳಗಿದೆ ಬಾಟ್ಲಿ. ಬರೀ ಕೆಮ್ಮಿಂದು ಕಣೇ!"

ಹೆಸರು ಕೇಳಿದೆ. ಅದರಲ್ಲೂ ಅದೇ ಜಾತಿಯ ಮಂಪರಿನ ಮದ್ದು. ಚಿಕ್ಕಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು.

ಉಳಿದವರು ಒಬ್ಬರೇ. ಅಪ್ಪ ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದರು. ಅವರ ಬಿಳಿ ಕೋಟು ಮೊಳೆಗೆ ನೇತುಹಾಕಿತ್ತು. ಜೇಬಿಗೆ ಕೈ ಹಾಕುವಾಗ ಇದೊಂದು ಖಾಲಿ ಇರಲಿ ದೇವರೇ ಎಂದುಕೊಂಡೆ. ಖಾಲಿ ಇರಲಿಲ್ಲ. ಸತ್ತರೂ ತಗೊಳ್ಳಲ್ಲ ಎಂದಿದ್ದ ಅದೇ ಮಾತ್ರೆಯ ಪಟ್ಟಿ, ಮುಕ್ಕಾಲು ಭಾಗ ಒಡೆದದ್ದು. ಕೆರೆತ ತಡೆಯಲಾರದೆ ಅಪ್ಪ ಹಗಲು ಹೊತ್ತು ಕದ್ದು ನುಂಗುತ್ತಿದ್ದರು.

ಔಷಧಿ ಅಂಗಡಿಯವರ ಮನೆಯಲ್ಲಿ ಔಷಧಿ ಎಂದರೆ ಅಡುಗೆಮನೆಯ ಉಪ್ಪಿನ ಹಾಗೆ. ಕೈಗೆಟಕುವಲ್ಲೇ ಇರುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಮೂವರೂ ಹಾಕಿದ್ದರು, ಮೂವರೂ ಅಕ್ಕರೆಗೋ ಸಂಕಟಕ್ಕೋ ಹಾಕಿದ್ದರು. ನಾನು ಏನನ್ನೂ ಹಾಕಿರಲಿಲ್ಲ ನಿಜ. ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆಯನ್ನು ಮನೆಯಲ್ಲಿ ಕೇಳಿಯೂ ಇರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ. ಮೂರನ್ನೂ ನಿಲ್ಲಿಸಿ, ಬೆಳಿಗ್ಗೆ ಕರೆತನ್ನಿ ಎಂದರು. ಪರೀಕ್ಷೆ ಮಾಡಿ, ಇಷ್ಟು ವಯಸ್ಸಿಗೆ ಇಷ್ಟೊಂದು ಮಂಪರಿನ ಮದ್ದು ಸೇರಿದರೆ ಹೀಗೆಲ್ಲ ಆಗಬಹುದು, ಆದರೆ ಇದೊಂದೇ ಕಾರಣ ಎಂದು ಈಗಲೇ ಹೇಳಲಾರೆ, ಕಾದು ನೋಡೋಣ ಎಂದರು. ಕೆರೆತಕ್ಕೆ ಚರ್ಮ ಒಣಗಿದ್ದೇ ಕಾರಣ ಎಂದು ಒಂದು ಮುಲಾಮು ಬರೆದುಕೊಟ್ಟರು.

ಕಾದೆವು. ಆ ಕಾಯುವಿಕೆ ಬೆಕ್ಕಿಗಿಂತ ಕಷ್ಟವಾಗಿತ್ತು. ಅಪ್ಪ ಮನೆಯಲ್ಲೇ ಇದ್ದರು. ಮೊದಲು ಇನ್ನೂ ಕೆಟ್ಟರು: ನಿದ್ದೆಯಿಲ್ಲ, ಹಾಲಿನ ರುಚಿ ಕೆಟ್ಟಿದೆ ಎಂದು ಜಗಳ, ಈಗ ಬೆಕ್ಕು ಒಂದಲ್ಲ ಎರಡು. ನನ್ನನ್ನು ಒಮ್ಮೆ ಹೆಸರು ಹಿಡಿದು ಕರೆದರು, ಒಮ್ಮೆ "ತಾಯಿ" ಎಂದರು. ತಾಯಿ ಎಂದಾಗ ಹಿತವಾಗುತ್ತಿತ್ತು, ಹಿತವಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಇದು ಮದ್ದಿನ ಆಟವಾ, ಅಪ್ಪನ ತಲೆಯೇ ಹೋಯಿತಾ, ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಅಮ್ಮ ಸಕ್ಕರೆ ಡಬ್ಬಿಯನ್ನು ಮುಟ್ಟುವುದನ್ನೇ ಬಿಟ್ಟಿದ್ದಳು.

ಆಮೇಲೊಂದು ಬೆಳಿಗ್ಗೆ ನಾನು ಷಟರ್ ಎತ್ತಿ ಕಸ ಗುಡಿಸುತ್ತಿದ್ದೆ. ಹೇಳದೆ ಕೇಳದೆ ಅಪ್ಪ ಮೆಟ್ಟಿಲು ಹತ್ತಿ ಬಂದರು. ಹಿಂದೆ ಚಿಕ್ಕಪ್ಪ ಕೈ ಚೆಲ್ಲಿಕೊಂಡು ಬರುತ್ತಿದ್ದರು. ಅಪ್ಪ ಸೀದಾ ಕಪಾಟಿನ ಹತ್ತಿರ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಏ ಕತ್ತೆ! ಕಣ್ಣಿನ ಡ್ರಾಪ್ಸ್ ಪಕ್ಕದಲ್ಲಿ ಕಿವಿ ಡ್ರಾಪ್ಸ್ ಇಟ್ಟೋಳು ಯಾರು? ಓದಿ ಬಂದಿದೀಯೋ, ಮಣ್ಣು ಹೊತ್ತು ಬಂದಿದೀಯೋ?"

ಇಟ್ಟವರು ಅವರೇ. ನಾನು ಹೇಳಲಿಲ್ಲ. ಪೊರಕೆ ಕೆಳಗೆ ಹಾಕಿ, ಕಪಾಟಿನ ಹಿಂದೆ ಹೋಗಿ ಅಮ್ಮನಿಗೆ ಫೋನು ಮಾಡಿದೆ.

"ಅಮ್ಮಾ, ಅಪ್ಪ ಬೈದ್ರು."

"ಏನಂತ?"

"ಕತ್ತೆ ಅಂತ. ಮಣ್ಣು ಹೊತ್ತು ಬಂದಿದೀಯಾ ಅಂತ."

"ಸದ್ಯ," ಎಂದಳು ಅಮ್ಮ. ಆಮೇಲೆ ಇಬ್ಬರೂ ಮೂಗು ಎಳೆಯುವ ಸದ್ದು ಮಾತ್ರ.

ಆ ಮಧ್ಯಾಹ್ನ ಷಟರ್ ಅರ್ಧ ಎಳೆದ ಮೇಲೆ ಎಲ್ಲವನ್ನೂ ಹೇಳಿದೆ. ಅಪ್ಪನಿಗೆ ಹೆಚ್ಚೇನೂ ನೆನಪಿರಲಿಲ್ಲ. ಹಾಲು, ಸಿರಪ್ಪು, ಕೋಟಿನ ಜೇಬು ಎಲ್ಲ ಕೇಳಿಸಿಕೊಂಡರು, ಮಧ್ಯೆ ಮಧ್ಯೆ ಗೊಣಗಿದರು. ಮಗುವಿನ ಸೀಸೆಯ ವಿಷಯಕ್ಕೆ ಬಂದಾಗ ಗೊಣಗುವುದು ನಿಂತಿತು. ಮುಖದ ಬಣ್ಣ ಇಳಿಯಿತು. ಕೌಂಟರ್ ಹಿಡಿದುಕೊಂಡು ಸುತ್ತಿ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

"ಕಣ್ಣಿಗೆ ಹಾಕಿದ್ಲಾ?"

"ಇಲ್ಲ. ಬಸ್ ನಿಲ್ಸಿ ಇಸ್ಕೊಂಡೆ."

ತಮ್ಮ ಅಂಗೈ ನೋಡಿಕೊಂಡರು. "ನಾನಿನ್ನು ಈ ಕಡೇನೇ ಕೂರ್ತೀನಿ. ನೀನು ಹೇಳಿಕೊಡು, ನಾನು ಕೇಳ್ತಿರ್ತೀನಿ. ಸ್ವಲ್ಪ ದಿನ. ನನ್ನ ಮೇಲೆ ನನಗೆ ನಂಬಿಕೆ ಬರೋವರೆಗೆ," ಎಂದರು. ಅವತ್ತು ಬೆಂಚಿನ ಮೇಲೆ ಕೂತು ನಾನು ಹುಡುಕುತ್ತಿದ್ದ ಮಾತು ಅದೇ. ನನ್ನ ಬಾಯಿಂದ ಬಂದಿದ್ದರೆ ಇಬ್ಬರಿಗೂ ತಡೆಯಲಾಗುತ್ತಿರಲಿಲ್ಲ.

"ಯಾಕಪ್ಪಾ ಹೇಳ್ಲಿಲ್ಲ, ಮಾತ್ರೆ ತಗೋತಿದೀನಿ ಅಂತ?"

"ಸತ್ರೂ ತಗೊಳ್ಳಲ್ಲ ಅಂತ ಕೂಗಾಡಿದ್ನಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದರು. ಗದರಲಿಲ್ಲ. ಕೆರೆದುಕೊಳ್ಳಲು ಬೆನ್ನ ಕಡೆ ಹೋದ ಕೈಯನ್ನು ಅರ್ಧದಲ್ಲೇ ತಡೆದು ತೊಡೆಯ ಮೇಲಿಟ್ಟುಕೊಂಡರು.

ನಾನು ಕೌಂಟರಿನ ಹಿಂದೆ ಹೋಗಿ ನಿಂತೆ. ಕೋಟಿನ ಗುಂಡಿ ಹಾಕಿಕೊಂಡೆ. ಡಾಕ್ಟರು ಬರೆದ ಮುಲಾಮಿನ ಟ್ಯೂಬನ್ನು ಅವರ ಮುಂದಿಟ್ಟು, ಹೆದರಿಕೆಯಾಗುತ್ತಿದ್ದರೂ ಹೆದರಿಕೆ ತೋರಿಸದೆ ಹೇಳಿಕೊಟ್ಟೆ. ಅಪ್ಪ ಮಧ್ಯದಲ್ಲಿ ಬಾಯಿ ಹಾಕಲಿಲ್ಲ.

"ಈಗ ತಿರುಗಿ ಹೇಳಿ ನೋಡೋಣ," ಎಂದೆ.

ಕತ್ತೆ ಎನ್ನುತ್ತಾರೆಂದು ಕಾದೆ. ಅಪ್ಪ ಗಂಟಲು ಸರಿಮಾಡಿಕೊಂಡರು.

"ಸ್ನಾನ ಆದ ತಕ್ಷಣ, ಮೈ ಇನ್ನೂ ಸ್ವಲ್ಪ ಒದ್ದೆ ಇರೋವಾಗ ಹಚ್ಕೊಳ್ಳೋದು. ಮತ್ತೆ ಮಲಗೋವಾಗ."

"ಬೆನ್ನಿಗೆ?"

"ಕೈ ಎಟಕಿದಷ್ಟು."

"ಎಟಕದ ಕಡೆಗೆ?"

ಅಪ್ಪ ಕಪಾಟಿನ ಕಡೆ ನೋಡಿದರು. "ನಿಮ್ಮಮ್ಮನ್ನ ಕರೀತೀನಿ."

"ಅಂಗಡೀಲಿದ್ದಾಗ ಕೆರೆತ ತಡೆಯೋಕಾಗ್ದಿದ್ರೆ?"

ಇದಕ್ಕೆ ಬಹಳ ಹೊತ್ತು ಹಿಡಿಯಿತು. ಹೊರಗೆ ಯಾರೋ ಷಟರ್ ತಟ್ಟಿದರು. ನಾನು ಕದಲಲಿಲ್ಲ. ಉತ್ತರ ಬರುವವರೆಗೆ ಯಾರನ್ನೂ ಸ್ಟೂಲಿನಿಂದ ಏಳಿಸಬಾರದು ಎಂದು ಕಲಿಸಿದವರು ಅವರೇ.

"ನಿನಗೆ ಹೇಳ್ತೀನಿ," ಎಂದರು ಅಪ್ಪ.

ನಾನು ಹೋಗಿ ಷಟರ್ ಎತ್ತಿದೆ.